ಪಾರಿವಾಳಗಳ ಮೇಲೆ ಕೊಟ್ಟ ದೂರು

ನಮ್ಮ ಮನೆ ನಮ್ಮದು, ಅದು ನಿಂತ ನೆಲ ಮಾತ್ರ ನಮ್ಮದಲ್ಲ. ಹೊಸದಾಗಿ ಪರಿಚಯವಾದವರಿಗೆ ಇದನ್ನು ತಿಳಿಸಿ ಹೇಳುವುದು ನನಗೆ ಇಂದಿಗೂ ತ್ರಾಸಿನ ಕೆಲಸ. ನಮ್ಮ ಶಹರದ ಗಾಜಿಪುರ ಓಣಿಯಲ್ಲಿ ಕಮಲಾಪುರದ ಗೌಡರ ಮನೆತನಕ್ಕೆ ಸೇರಿದ ಒಂದು ಆವಾರವಿದೆ. ಹಿಂದೆ ಪೇಟೆಗೆ ಬಂದ ಅವರ ಬಂಡಿ, ಎತ್ತುಗಳು ಅಲ್ಲಿ ತಂಗುತ್ತಿದ್ದವಂತೆ. ಬಂಡಿಗಳ ಕಾಲ ಮುಗಿದ ಮೇಲೆ ಗೌಡರು ಆ ನೆಲವನ್ನು ತುಂಡು ತುಂಡಾಗಿ ಆರು ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟರು. ಮನೆಗಳನ್ನು ಅವರವರೇ ಕಟ್ಟಿಕೊಂಡರು. ನಮ್ಮ ಮನೆಯ ಗೋಡೆ ಎಬ್ಬಿಸಿದ್ದು, ನೆಲಕ್ಕೆ ಪರ್ಸಿಕಲ್ಲು ಹಾಸಿಸಿದ್ದು ನನ್ನ ಮಾವನವರು. ನಾನು ಸೊಸೆಯಾಗಿ ಬಂದಾಗ ಆವಾರದ ನಡುವೆ ಒಂದು ಬೇವಿನ ಮರ, ಅದಕ್ಕೊಂದು ಕಟ್ಟೆ, ಕಟ್ಟೆಯ ಪಕ್ಕ ಎಲ್ಲರಿಗೂ ಸೇರಿದ ಬೋರ್‌ವೆಲ್ ಇದ್ದವು. ಈಗಲೂ ಇವೆ.

ಇಂಥ ಜಾಗದಲ್ಲಿ ಬಾಳುವುದಕ್ಕೆ ಕೆಲವು ಕರಾರುಗಳಿರುತ್ತವೆ. ಮೇಲೆ ಅಂತಸ್ತು ಏರಿಸುವ ಹಾಗಿಲ್ಲ. ಮನೆ ಮಾರುವುದಾದರೆ ಮೊದಲು ಗೌಡರಿಗೆ ತಿಳಿಸಬೇಕು. ಇವೆರಡಕ್ಕಿಂತ ದೊಡ್ಡ ಕರಾರು ಇನ್ನೊಂದಿತ್ತು, ಅದನ್ನು ಯಾರೂ ಕಾಗದದಲ್ಲಿ ಬರೆದಿರಲಿಲ್ಲ. ಆವಾರದೊಳಗೆ ಒಬ್ಬರಿಂದ ಇನ್ನೊಬ್ಬರಿಗೆ ತೊಂದರೆಯಾದರೆ, ತೊಂದರೆಗೊಳಗಾದವರು ಮೊದಲು ತಾವೇ ಹೋಗಿ ಆ ಮನೆಯವರಿಗೆ ಹೇಳಬೇಕು. ಕೇಳದಿದ್ದರೆ ಗೌಡರ ಬಳಿ ಹೋಗಬೇಕು. ಪೊಲೀಸು, ಕಾರ್ಪೊರೇಷನ್ನು ಎಲ್ಲ ಅದಾದ ಮೇಲೆ. ಗೌಡರು ತೀರಿಕೊಂಡ ನಂತರ ಅವರ ಹೆಂಡತಿ ಈ ಪದ್ಧತಿಯನ್ನು ನಡೆಸಿಕೊಂಡು ಬಂದರು. ಅವರನ್ನು ನಾವೆಲ್ಲ ಗೌಡಸಾನಿ ಎಂದೇ ಕರೆಯುವುದು, ಎದುರಿಗೆ ಅವ್ವಾರು ಎನ್ನುವುದು. ವಯಸ್ಸು ಎಂಬತ್ತರ ಹತ್ತಿರ ಬಂದರೂ ಕಮಲಾಪುರದ ತಮ್ಮ ಬಾಳೆತೋಟವನ್ನು ತಾವೇ ನೋಡಿಕೊಳ್ಳುವ ಹೆಂಗಸು. ಮೋಟಾರು ಕೆಟ್ಟಾಗ, ಮೋರಿ ಕಟ್ಟಿದಾಗ, ಯಾರ ಸ್ಕೂಟರು ಯಾರ ಬಾಗಿಲಿಗೆ ಅಡ್ಡ ನಿಂತಿತು ಎಂಬ ಜಗಳವಾದಾಗ, ಬಂದು ಕಟ್ಟೆಯ ಮೇಲೆ ಕುಳಿತು ಎರಡೂ ಕಡೆಯವರ ಮಾತು ಕೇಳುತ್ತಿದ್ದರು. ಅವರು ಎದ್ದು ಹೋಗುವಷ್ಟರಲ್ಲಿ ಜಗಳ ಮುಗಿದಿರುತ್ತಿತ್ತು.

ನಮ್ಮ ಮಗ್ಗುಲ ಮನೆ ಮಾಸ್ತರರದು. ಉರ್ದು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಮಕ್ಕಳೆಲ್ಲ ಮದುವೆಯಾಗಿ ಬೇರೆಯಾಗಿದ್ದರು, ಮನೆಯಲ್ಲಿ ಅವರು ಮತ್ತು ಅವರ ಹೆಂಡತಿ ಇಬ್ಬರೇ. ಹೆಂಡತಿಯನ್ನು ನಾನು ಭಾಬಿ ಎನ್ನುತ್ತಿದ್ದೆ. ಅವರು ನನ್ನನ್ನು ವೈನಿ ಎನ್ನುತ್ತಿದ್ದರು. ಗೌಡಸಾನಿಗೂ ಆವಾರದ ಉಳಿದವರಿಗೂ ನಾನು ಬಾಯಿ, ಬಾಯಾರು; ನನ್ನ ಗಂಡ ರಾಯರು. ನಮ್ಮದು ಮನೆಯೊಳಗೆ ಮರಾಠಿ, ಹೊರಗೆ ಕನ್ನಡ ಆಡುವ ವೈಷ್ಣವರ ಮನೆ. ಅತ್ತೆಯವರು ಇರುವವರೆಗೆ ಮಡಿ ಬಹಳ. ಅದನ್ನು ತಿಳಿದಿದ್ದ ಭಾಬಿ ಪ್ರತಿ ಈದಿಗೆ ನಮಗೆ ಬೇಯಿಸಿದ್ದೇನನ್ನೂ ಕಳಿಸದೆ ಖರ್ಜೂರ, ಒಣಕೊಬ್ಬರಿ, ಕಲ್ಲುಸಕ್ಕರೆಯನ್ನು ಹೊಸ ತಟ್ಟೆಯಲ್ಲಿಟ್ಟು ತಾವೇ ತಂದು ಕೊಡುತ್ತಿದ್ದರು. ಅತ್ತೆ ತೀರಿಕೊಂಡು ಹನ್ನೆರಡು ವರ್ಷಗಳಾದವು. ಈಗ ನಮ್ಮ ಮನೆಯಲ್ಲಿ ಅಂಥ ಮಡಿ ಏನೂ ಇಲ್ಲ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವರೂ ಕೇಳಲಿಲ್ಲ. ಖರ್ಜೂರ ಬರುತ್ತಲೇ ಇತ್ತು.

ಮಾಸ್ತರರಿಗೆ ಪಾರಿವಾಳಗಳ ಹುಚ್ಚು. ಅವರ ಮಾಳಿಗೆಯ ಮೇಲೆ ಜಾಳಿಗೆ ಹೊಡೆದ ಕಟ್ಟಿಗೆಯ ಗೂಡುಗಳಿದ್ದವು. ಬಿಳಿಯವು, ಬೂದಿಬಣ್ಣದವು, ಕೊರಳಲ್ಲಿ ಹಸಿರು ಹೊಳೆಯುವಂಥವು. ಸಂಜೆ ಬಿಸಿಲು ಇಳಿದ ಮೇಲೆ ಅವರು ಜುಬ್ಬಾದ ತೋಳು ಮಡಚಿ ಮೇಲೆ ಹತ್ತಿ, ಗೂಡು ತೆರೆದು, ತುದಿಗೆ ಬಟ್ಟೆ ಕಟ್ಟಿದ ಕೋಲು ಬೀಸುತ್ತಿದ್ದರು. ಇಡೀ ಹಿಂಡು ಒಮ್ಮೆಲೇ ಎದ್ದು ಆವಾರದ ಮೇಲೆ ಸುತ್ತು ಹೊಡೆಯುತ್ತಿತ್ತು. ಅವರು ಸಿಳ್ಳೆ ಹಾಕಿದರೆ ಇಳಿಯುತ್ತಿತ್ತು. ನೋಡಲು ಚೆಂದ, ಸುಳ್ಳೇಕೆ ಹೇಳಲಿ. ಆದರೆ ಬೇಸಿಗೆಯಲ್ಲಿ ನಾನು ನಮ್ಮ ಮಾಳಿಗೆಯ ಮೇಲೆ ಸಂಡಿಗೆ ಒಣಗಿಸಿದರೆ ಅದರ ಮೇಲೆ ಹಿಕ್ಕೆ ಬೀಳುತ್ತಿತ್ತು. ಒಗೆದ ಸೀರೆಯ ಮೇಲೆ, ತುಳಸಿಕಟ್ಟೆಯ ಮೇಲೆ, ನೀರಿನ ಟಾಕಿಯ ಮುಚ್ಚಳದ ಮೇಲೆ ಕೂಡ. ನಾನು ಒರೆಸುತ್ತಿದ್ದೆ, ತೊಳೆಯುತ್ತಿದ್ದೆ, ನನ್ನಷ್ಟಕ್ಕೆ ಗೊಣಗುತ್ತಿದ್ದೆ. ಒಮ್ಮೆಯೂ ಹೋಗಿ ಹೇಳಿರಲಿಲ್ಲ.

ಹೋದ ವರ್ಷದ ಬೇಸಿಗೆಗೆ ನನ್ನ ಗಂಡನಿಗೆ ಕೆಮ್ಮು ಹತ್ತಿಕೊಂಡಿತು. ಅವರು ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಮನೆಯಲ್ಲಿದ್ದರು. ನಾನು ಇನ್ನೂ ಕಾಲೇಜಿನ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಕಫವಿಲ್ಲದ ಒಣಕೆಮ್ಮು, ಮಾತಿನ ನಡುವೆ, ಊಟದ ನಡುವೆ, ಪೂಜೆಯ ನಡುವೆ. ಕಷಾಯ ಮಾಡಿದೆ, ಜೇನುತುಪ್ಪ ಕೊಟ್ಟೆ, ಏನೂ ಆಗಲಿಲ್ಲ. ಕೊನೆಗೆ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಅವರು ಎದೆಯ ಫೋಟೋ ತೆಗೆಸಿ ನೋಡಿ, ಅದರಲ್ಲಿ ಏನೂ ಕಾಣುವುದಿಲ್ಲ ಎಂದರು. ಆಮೇಲೆ ಮನೆಯ ಹತ್ತಿರ ಪಾರಿವಾಳ ಇವೆಯೇನು ಎಂದು ಕೇಳಿದರು. ಇವೆ ಎಂದೆ. ಕೆಲವರಿಗೆ ಅದರಿಂದಲೂ ಕೆಮ್ಮು ಬರಬಹುದು, ಸ್ವಲ್ಪ ದೂರ ಇರಿ ಎಂದರು.

ಬರಬಹುದು ಎಂದರು ಅಷ್ಟೇ. ಆಟೋದಲ್ಲಿ ಮನೆ ಮುಟ್ಟುವಷ್ಟರಲ್ಲಿ ನಾನು ಅದನ್ನು ಬಂದಿದೆ ಎಂದು ಮಾಡಿಕೊಂಡಿದ್ದೆ. ಅಷ್ಟು ವರ್ಷ ತೊಳೆದ ಸೀರೆ, ಚೆಲ್ಲಿದ ಸಂಡಿಗೆ ಎಲ್ಲದಕ್ಕೂ ಒಂದು ಗಟ್ಟಿ ಕಾರಣ ಸಿಕ್ಕ ಹಾಗಾಗಿತ್ತು. ಗಂಡ ಕೆಮ್ಮುತ್ತ ಮುಂದೆ ಮನೆಯೊಳಗೆ ಹೋದರು; ಆವಾರದ ಬಾಗಿಲಲ್ಲಿ ನನಗೆ ಮೂಲೆಮನೆಯ ಗೃಹಸ್ಥರು ಸಿಕ್ಕು, ರಾಯರಿಗೆ ಹೇಗಿದೆ ಎಂದು ವಿಚಾರಿಸಿದರು. ಡಾಕ್ಟರು ಪಾರಿವಾಳದಿಂದ ಆಗಿದೆ ಎಂದಿದ್ದಾರೆ ಎಂದೆ. ಅವರು ಮಾಸ್ತರರ ಮಾಳಿಗೆಯ ಕಡೆ ಕತ್ತೆತ್ತಿ ನೋಡಿ, ಆ ಮಂದಿಯದು ಯಾವಾಗಲೂ ಹೀಗೇ ಎಂದರು. ಆ ಮಾತಿನ ಧಾಟಿ ನನಗೆ ಸೇರಲಿಲ್ಲ. ಸೇರಲಿಲ್ಲ ಎಂದು ಮಾತ್ರ ಹೇಳಲಿಲ್ಲ. ಬೇಕಾದರೆ ಎಲ್ಲರೂ ಕೂಡಿ ಕಾರ್ಪೊರೇಷನ್ನಿಗೆ ಹೋಗೋಣ ಎಂದಾಗ, ಬೇಡ, ಮೊದಲು ಗೌಡಸಾನಿಗೆ ಹೇಳುತ್ತೇನೆ ಎಂದು ಮನೆಯೊಳಗೆ ಹೋದೆ.

ಆ ಭಾನುವಾರ ಗಂಡನಿಗೆ ತಂಗಿಯ ಮನೆಗೆ ಹೋಗಿಬರುತ್ತೇನೆ ಎಂದು ಹೇಳಿ, ಕಮಲಾಪುರದ ಮೇಲೆ ಹೋಗುವ ಹುಮನಾಬಾದ ಬಸ್ಸು ಹತ್ತಿದೆ. ನನ್ನ ಮನೆಯ ಬಾಗಿಲಿನಿಂದ ಮಾಸ್ತರರ ಬಾಗಿಲ ಮೆಟ್ಟಿಲಿಗೆ, ಆ ಪಾವಟಿಗೆಗೆ, ಹತ್ತು ಹೆಜ್ಜೆಯೂ ಇಲ್ಲ. ಅದನ್ನು ಬಿಟ್ಟು ಒಂದು ತಾಸಿನ ಬಸ್ಸಿನ ದಾರಿ ಹಿಡಿದಿದ್ದೆ. ಯಾಕೆಂದು ಆಗ ಕೇಳಿದ್ದರೆ, ಭಾಬಿಯ ಮನಸ್ಸು ನೋಯಬಾರದು ಎಂದು ಹೇಳುತ್ತಿದ್ದೆನೇನೋ.

ಕಮಲಾಪುರದಲ್ಲಿ ರಸ್ತೆಯ ಎರಡೂ ಬದಿಗೆ ಕೆಂಪುಬಾಳೆಯ ಗೊನೆಗಳನ್ನು ತೂಗುಹಾಕಿದ್ದರು. ಗೌಡಸಾನಿ ತೋಟದ ಮನೆಯ ಪಡಸಾಲೆಯಲ್ಲಿ ಕುಳಿತು ಗೊನೆ ಕಡಿಯುವವರಿಗೆ ಏನೋ ಹೇಳುತ್ತಿದ್ದರು. ನನ್ನನ್ನು ಕಂಡು ಚಾಪೆ ಹಾಸಿಸಿ, ಮಜ್ಜಿಗೆ ಕೊಡಿಸಿ, ಗಂಡನ ಆರೋಗ್ಯ ಕೇಳಿದರು. ನಾನು ಎಲ್ಲ ಹೇಳಿದೆ. ಕೆಮ್ಮು ಹೇಳಿದೆ, ಡಾಕ್ಟರ ಮಾತು ಹೇಳಿದೆ, ಟಾಕಿಯ ಮೇಲಿನ ಹಿಕ್ಕೆಯನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ಮಾಸ್ತರಿಗಿ ನೀವು ಹೇಳಿ ನೋಡೀರಿಲ್ರಿ ಬಾಯಿ?"

"ಹೇಳೀವ್ರಿ ಅವ್ವಾರ," ಎಂದೆ.

ಹೇಳೀನಿ ಎನ್ನಲು ನಾಲಿಗೆ ಏಳಲಿಲ್ಲ. ಹೇಳೀವಿ ಎಂದರೆ ಸುಳ್ಳಿನ ಭಾರ ಇನ್ಯಾರ ಮೇಲೋ ಹಂಚಿಹೋಗುತ್ತದೆ ಎನಿಸಿರಬೇಕು. ಕೇಳಲಿಲ್ಲೇನು ಎಂದು ಅವರು ಮತ್ತೆ ಕೇಳಿದಾಗ ನಾನು ಮಜ್ಜಿಗೆಯ ಲೋಟ ಬಾಯಿಗೆ ಎತ್ತಿಕೊಂಡೆ. ಅವರಿಗೆ ಅಷ್ಟು ಸಾಕಾಯಿತು. ಬರುವಾಗ ಒಂದು ಚಿಪ್ಪು ಕೆಂಪುಬಾಳೆ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ತಂಗಿಯ ಮನೆಯಿಂದ ತಂದದ್ದು ಎಂದು ಗಂಡನಿಗೆ ಹೇಳಿದೆ.

ಆ ವಾರದಲ್ಲೇ ಗೌಡಸಾನಿ ಬಂದರು. ಬೇವಿನ ಕಟ್ಟೆಯ ಮೇಲೆ ಕುಳಿತರು. ಆರು ಮನೆಯವರೂ ನೆರೆದರು. ಮಾಸ್ತರರು ಬಿಳಿ ಜುಬ್ಬಾ ಹಾಕಿಕೊಂಡು ಬಂದು, ಎಲ್ಲರಿಗೂ ಸಲಾಂ ಹೇಳಿ, ಒಂದು ಬದಿಗೆ ನಿಂತರು. ಯಾವ ವಿಷಯಕ್ಕೆ ಕರೆದಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ಮುಖದಲ್ಲಿ ನಗು ಇತ್ತು, ಮೋಟಾರಿನ ಜಗಳ ಎಂದುಕೊಂಡಿದ್ದರೋ ಏನೋ. ಭಾಬಿ ಬಾಗಿಲ ಪರದೆಯ ಹಿಂದೆ ನಿಂತಿದ್ದರು.

ಗೌಡಸಾನಿ ರಾಯರ ಕೆಮ್ಮಿನ ವಿಷಯ ಹೇಳಿದರು. ಮಾಸ್ತರರ ನಗು ಹೋಯಿತು, ಅವರು ಗಾಬರಿಯಿಂದ ನನ್ನ ಗಂಡನ ಕಡೆ ನೋಡಿದರು. ಆಮೇಲೆ ಗೌಡಸಾನಿ, "ಬಾಯಾರು ನಿಮಗ ಮೊದಲ ಹೇಳ್ಯಾರಂತ. ಹೇಳಿದ್ರೂ ನೀವು ಲಕ್ಷ್ಯ ಕೊಡಲಿಲ್ಲಂತ. ಕಲತವರು ನೀವು, ಹಿಂಗ ಮಾಡಬಾರದಿತ್ತು," ಎಂದರು.

ಮಾಸ್ತರರು ನನ್ನನ್ನು ನೋಡಿದರು. ನಾನೂ ನೋಡಿದೆ, ತಲೆ ತಗ್ಗಿಸುವಷ್ಟು ಬುದ್ಧಿಯೂ ಆಗ ಓಡಲಿಲ್ಲ. ಅವರು ಸಿಟ್ಟಾಗುತ್ತಾರೆ, ಯಾವಾಗ ಹೇಳಿದ್ದೀರಿ ಎಂದು ಕೇಳುತ್ತಾರೆ ಎಂದು ಕಾಯುತ್ತಿದ್ದೆ. ಕೇಳಿದರೆ ಏನು ಉತ್ತರ ಕೊಡಲಿ ಎಂದು ಮನಸ್ಸಿನಲ್ಲೇ ಹುಡುಕುತ್ತಲೂ ಇದ್ದೆ. ಅವರು ಗೌಡಸಾನಿಯ ಕಡೆ ತಿರುಗಿದರು.

"ಹೌದ್ರಿ ಅವ್ವಾರ. ಬಾಯಾರು ಹೇಳಿದ್ರು. ನಂದೇ ತಪ್ಪಾಗ್ಯದ."

ಪರದೆ ಒಮ್ಮೆ ಅಲುಗಿತು. ಭಾಬಿ ಒಳಗೆ ಹೋಗಿದ್ದರು.

ಆಮೇಲಿನ ಮಾತುಕತೆ ಬೇಗ ಮುಗಿಯಿತು. ಮೂಲೆಮನೆಯವರು ಇನ್ನೂ ನಾಲ್ಕು ದೂರು ಸೇರಿಸಿದರು, ಮಾಸ್ತರರು ಎಲ್ಲದಕ್ಕೂ ಹೂಂ ಎಂದರು. ಪಕ್ಷಿಗಳನ್ನು ಮಾರುವುದು ಬೇಡ, ನಮ್ಮ ತೋಟದಲ್ಲಿ ಬಾಳೆಗೊನೆ ಇಡುವ ಒಂದು ಖೋಲಿ ಖಾಲಿ ಇದೆ, ಅಲ್ಲಿಟ್ಟುಕೊಳ್ಳಿ, ಬೇಕಾದಾಗ ಬಂದು ನೋಡಿಕೊಂಡು ಹೋಗಿ ಎಂದು ಗೌಡಸಾನಿಯೇ ದಾರಿ ತೋರಿಸಿದರು. ನ್ಯಾಯ ಎಂದರೆ ನ್ಯಾಯವೇ. ಯಾರೂ ಅದಕ್ಕೆ ಹೆಸರಿಡುವ ಹಾಗಿರಲಿಲ್ಲ. ಮಾಸ್ತರರು ನನ್ನ ಗಂಡನ ಬಳಿ ಬಂದು, ಅವರ ಕೈ ಹಿಡಿದು, ಇಷ್ಟು ತ್ರಾಸಾಗಿದೆ ಎಂದು ತಿಳಿದಿರಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ನನ್ನ ಗಂಡ ಪಾಪ, ಏನೂ ಗೊತ್ತಿಲ್ಲದೆ, ಛೆ ಛೆ ಎಂದು ಕೆಮ್ಮಿದರು.

ಒಳಗೆ ಬಂದ ಮೇಲೆ ಅವರು, ನೀನು ಯಾವಾಗ ಹೇಳಿದ್ದೆ ಮಾಸ್ತರರಿಗೆ ಎಂದು ಕೇಳಿದರು. ಒಮ್ಮೆ ನಲ್ಲಿಯ ಹತ್ತಿರ ಹೇಳಿದ್ದೆ ಎಂದೆ. ಒಂದು ಸುಳ್ಳಿಗೆ ಎರಡನೆಯದು ಇಷ್ಟು ಸಲೀಸಾಗಿ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಎರಡು ದಿನಗಳಲ್ಲಿ ಬುಟ್ಟಿಗಳು ಬಂದವು. ಮಾಸ್ತರರು ಒಂದೊಂದೇ ಪಾರಿವಾಳವನ್ನು ಎದೆಗೆ ಹಿಡಿದು ಇಳಿಸಿ, ಬುಟ್ಟಿಯಲ್ಲಿಟ್ಟು, ಮೇಲೆ ಹಳೆಯ ಪಂಚೆಯ ಬಟ್ಟೆ ಕಟ್ಟಿದರು. ಗೌಡಸಾನಿಯ ತೋಟದ ಗಾಡಿಯಲ್ಲಿ ಅವು ಹೋದವು. ಮರುದಿನ ನಾನು ಮಾಳಿಗೆಯ ಮೇಲೆ ಸಂಡಿಗೆ ಹಾಕಿದೆ. ಒಂದು ಕಲೆಯಿಲ್ಲದೆ ಒಣಗಿದವು. ಕರಿದು ತಿನ್ನಲು ನನಗೆ ಮನಸ್ಸಾಗಲಿಲ್ಲ, ಡಬ್ಬಿಯಲ್ಲಿ ತುಂಬಿಟ್ಟೆ.

ಕೆಮ್ಮು ಹೋಗಲಿಲ್ಲ. ಒಂದು ತಿಂಗಳು ಕಾದೆವು. ಹಳೆಯ ಧೂಳು ಇನ್ನೂ ಇರಬಹುದು ಎಂದು ನಾನು ಮನೆಯನ್ನೆಲ್ಲ ತೊಳೆದೆ, ಪರದೆಗಳನ್ನು ಒಗೆದೆ. ಕೆಮ್ಮು ಹಾಗೇ ಇತ್ತು. ಪಾರಿವಾಳಗಳು ಮಾತ್ರ ಒಂದೊಂದಾಗಿ ತಿರುಗಿ ಬರತೊಡಗಿದವು. ಕಮಲಾಪುರದ ಖೋಲಿಯಲ್ಲಿ ಕೆಲವು ವಾರ ಕೂಡಿಹಾಕಿ, ಇನ್ನು ಒಗ್ಗಿರಬೇಕು ಎಂದು ತೋಟದ ಆಳು ಬಾಗಿಲು ತೆರೆದಿದ್ದನಂತೆ. ಒಂದು ಮಧ್ಯಾಹ್ನ ನಾನು ಕಾಲೇಜಿನಿಂದ ಬರುವಾಗ ಮಾಸ್ತರರ ಮಾಳಿಗೆಯ ಅಂಚಿನಲ್ಲಿ ಮೂರು ಕುಳಿತಿದ್ದವು. ಗೂಡಿನ ಬಾಗಿಲಿಗೆ ಕೀಲಿ ಬಿದ್ದಿತ್ತು. ಅವು ಜಾಳಿಗೆಯ ಸುತ್ತ ನಡೆದಾಡಿ, ಮತ್ತೆ ಅಂಚಿಗೆ ಬಂದು ಕೂರುತ್ತಿದ್ದವು.

ಮಾಸ್ತರರು ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮೇಲೆ ನೋಡುತ್ತಿರಲಿಲ್ಲ. ಕಾಳು ಹಾಕಿದರೆ ಅವು ಇಲ್ಲೇ ಉಳಿಯುತ್ತವೆ, ನಾನು ಮಾತು ಕೊಟ್ಟಿದ್ದೇನೆ ಎಂದು ಅವರು ಯಾರಿಗೋ ಹೇಳುವುದು ಕೇಳಿಸಿತು. ನನ್ನ ಗಂಡ ಕಿಟಕಿಯಿಂದ ನೋಡಿ, ಬಿಸಿಲಿಗೆ ಸತ್ತಾವು, ನೀರಾದರೂ ಇಡು ಎಂದರು. ನಾನು ನಮ್ಮ ಮಾಳಿಗೆಯ ಮೇಲೆ ಒಂದು ಅಗಲ ಪರಾತದಲ್ಲಿ ನೀರಿಟ್ಟೆ. ಅವು ಬರಲಿಲ್ಲ. ನಮ್ಮ ಮಾಳಿಗೆ ಅವಕ್ಕೆ ಗೊತ್ತಿರಲಿಲ್ಲ. ಮರುದಿನ ಮಾಸ್ತರರು ಅವನ್ನು ಹಿಡಿದು ಬುಟ್ಟಿಗೆ ಹಾಕಿಕೊಂಡು ತಾವೇ ಬಸ್ಸಿನಲ್ಲಿ ಕಮಲಾಪುರಕ್ಕೆ ಒಯ್ದು ಬಿಟ್ಟು ಬಂದರು. ಹತ್ತು ಹನ್ನೆರಡು ದಿನಕ್ಕೆ ಮತ್ತೆ ಬಂದವು, ಈ ಸಲ ಇನ್ನೂ ಹೆಚ್ಚು. ಮತ್ತೆ ಒಯ್ದರು.

ಭಾಬಿ ಆವಾರದಲ್ಲಿ ಇರಲಿಲ್ಲ. ಕೋಟನೂರದಲ್ಲಿ ಹೊಸ ಮನೆ ಕಟ್ಟಿಸಿಕೊಂಡ ಮಗಳ ಬಳಿ ಹೋಗಿದ್ದರು. ನಾಲ್ಕು ದಿನಕ್ಕೆಂದು ಹೋದವರು ತಿಂಗಳಾದರೂ ಬಂದಿರಲಿಲ್ಲ. ಮಾಸ್ತರರು ತಮ್ಮ ಅನ್ನ ತಾವೇ ಬೇಯಿಸಿಕೊಳ್ಳುತ್ತಿದ್ದರು. ಆ ಮನೆಯಿಂದ ಬರುವ ಸುಟ್ಟ ಒಗ್ಗರಣೆಯ ವಾಸನೆಯಿಂದ ಅದು ನನಗೆ ತಿಳಿಯುತ್ತಿತ್ತು.

ಈ ನಡುವೆ ಗಂಡನನ್ನು ಇನ್ನೊಬ್ಬ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ವಯಸ್ಸಿನಲ್ಲಿ ನಮ್ಮ ಮಗಳಿಗಿಂತ ಚಿಕ್ಕ ಹೆಣ್ಣುಮಗಳು. ಆಕೆ ಎದೆಗೆ ಕೊಳವೆ ಇಡುವ ಮೊದಲೇ, ಬೇರೆ ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಳು. ಬಿಪಿಯ ಗುಳಿಗೆಯ ಪಟ್ಟಿ ನನ್ನ ಚೀಲದಲ್ಲೇ ಇತ್ತು. ನೋಡಿ, ಇದನ್ನು ಯಾವಾಗಿನಿಂದ ಎಂದಳು. ಬೇಸಿಗೆಯ ಮೊದಲಿಗೆ ಬದಲಾಯಿಸಿದ್ದು ಎಂದು ಗಂಡ ಹೇಳಿದರು. ಈ ಗುಳಿಗೆಯಿಂದ ಕೆಲವರಿಗೆ ಒಣಕೆಮ್ಮು ಬರುತ್ತದೆ, ಬೇರೆ ಬರೆದುಕೊಡುತ್ತೇನೆ, ಕೆಲವು ವಾರ ಬಿಟ್ಟು ಬನ್ನಿ ಎಂದಳು. ಗುಳಿಗೆ ಬದಲಾಯಿಸಿ ಆ ವಾರಗಳು ಮುಗಿಯುವಷ್ಟರಲ್ಲಿ ಕೆಮ್ಮು ನಿಂತಿತ್ತು. ಸುಮ್ಮನೆ, ಯಾವ ಗದ್ದಲವೂ ಇಲ್ಲದೆ ನಿಂತಿತು. ಗಂಡ ಊಟಕ್ಕೆ ಕುಳಿತು ಒಂದು ತುತ್ತಿಗೂ ಕೆಮ್ಮದೆ ಉಂಡೆದ್ದಾಗ ನಾನು ಅಡುಗೆಮನೆಗೆ ಹೋಗಿ ಒಲೆಯ ಕಡೆ ಮುಖ ಮಾಡಿ ನಿಂತೆ. ಸಂತೋಷವಾಗಬೇಕಿತ್ತು. ಸಂತೋಷವೂ ಆಗಿತ್ತು. ಆಮೇಲೆ ಸಂಡಿಗೆಯ ಡಬ್ಬಿಯನ್ನು ಕಣ್ಣಿಗೆ ಬೀಳದ ಹಾಗೆ ಹಿಂದಕ್ಕೆ ಸರಿಸಿಟ್ಟೆ.

ಮುಂದಿನ ಸಲ ಮಾಸ್ತರರು ಬುಟ್ಟಿ ಹಿಡಿದು ಹೊರಟಾಗ ನಾನು ಚೀಲ ತೆಗೆದುಕೊಂಡು ಹಿಂದೆಯೇ ಹೋದೆ. ನಿಲ್ದಾಣದಲ್ಲಿ ನನ್ನನ್ನು ಕಂಡು, ಎಲ್ಲಿಗೆ ಹೊರಟಿರಿ ಎಂದರು. ಕಮಲಾಪುರಕ್ಕೆ ಎಂದೆ. ಅವರು ಹೆಚ್ಚೇನೂ ಕೇಳದೆ ಕಿಟಕಿಯ ಪಕ್ಕದ ಜಾಗ ನನಗೆ ಬಿಟ್ಟುಕೊಟ್ಟು, ನಡುವಿನ ಸೀಟಿನ ಮೇಲೆ ಬುಟ್ಟಿ ಇಟ್ಟು, ಆ ತುದಿಗೆ ಕುಳಿತರು. ಬಸ್ಸು ಊರು ದಾಟಿತು. ಬಟ್ಟೆಯೊಳಗೆ ಪಾರಿವಾಳಗಳು ಗುಟುರು ಹಾಕುತ್ತಿದ್ದವು.

ಮೊದಲು ಗುಳಿಗೆಯ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿ, ರಾಯರು ಆರಾಮಾದರಲ್ಲ, ಅಷ್ಟು ಸಾಕು ಎಂದರು. ಅದು ನನಗೆ ಸಾಕಾಗಲಿಲ್ಲ.

"ನಾ ನಿಮಗ ಎಂದೂ ಹೇಳಿರಲಿಲ್ಲ ಮಾಸ್ತರ. ಅವತ್ತ ಕಟ್ಟಿ ಮ್ಯಾಲ ನೀವು ಯಾಕ ಹೌದಂದ್ರಿ?"

ಅವರು ಬುಟ್ಟಿಯ ಮೇಲಿನ ಬಟ್ಟೆಯ ಗಂಟು ಸರಿಮಾಡಿದರು. "ಎಲ್ಲಾರ ಮುಂದ ಬಾಯಾರು ಸುಳ್ಳು ಹೇಳಾಕತ್ತಾರ ಅನ್ಲೇನ್ರಿ? ಅಂದ ಮ್ಯಾಲ ಮರುದಿನ ನಮ್ಮ ಮನ್ಯಾಕಿ ನಿಮ್ಮ ಬಾಗಿಲಿಗಿ ಹ್ಯಾಂಗ ಬರ್ತಿದ್ಲು? ಹೌದಂದ್ರ ಎಲ್ಲಾ ಮೊದಲಿನಂಗ ಇರ್ತದ ಅಂತ ತಿಳ್ಕೊಂಡೆ." ಗಂಟನ್ನು ಇನ್ನೊಮ್ಮೆ ಎಳೆದು, "ಅದೂ ತಪ್ಪಾತು. ಆಕಿ ನನ್ನ ಮ್ಯಾಲೂ ಸಿಟ್ಟಾಗ್ಯಾಳ. ಮಾಡದ ತಪ್ಪು ಯಾಕ ಒಪ್ಕೊಂಡ್ರಿ ಅಂತಾಳ," ಎಂದರು.

ನನಗಾಗಿ ಒಬ್ಬರು ತಪ್ಪು ಹೊತ್ತುಕೊಂಡದ್ದು ಇರಲಿ, ಅದರಿಂದ ಅವರ ಮನೆಯ ಒಲೆಯೇ ತಣ್ಣಗಾಗಿದೆ ಎಂದು ತಿಳಿದು ನಾನು ಕಮಲಾಪುರದವರೆಗೆ ಕಿಟಕಿಯ ಕಡೆ ತಿರುಗಿ ಕುಳಿತಿದ್ದೆ.

ಗೌಡಸಾನಿಯ ಎದುರು ಹೇಳುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ, ಮಾಸ್ತರರಿಗೆ ಹೇಳಿದ ಮೇಲೆ ದಾರಿ ತೆರೆದಿತ್ತು. ಅವರು ಬೈಯಲಿಲ್ಲ. ಅಂಗಳದಲ್ಲಿ ಮಾಸ್ತರರು ಪಾರಿವಾಳಗಳನ್ನು ಖೋಲಿಯೊಳಗೆ ಬಿಡುತ್ತಿದ್ದರು, ಅವರನ್ನೇ ನೋಡುತ್ತ ಕುಳಿತರು. ಆಮೇಲೆ ಹೇಳಿದರು: "ನೀವು ಸುಳ್ಳು ಹೇಳಿದ್ದಕ್ಕಿಂತ, ನನ್ನ ಬಾಯಿಲೆ ಅದನ್ನ ಆಡಿಸಿದ್ರಿ ನೋಡ್ರಿ, ಅದು ನನಗ ಸಂಕಟ ಆಗಾಕತ್ತದ. ನನಗ ಹೇಳಿದ್ರ ಮುಗೀಲಿಲ್ಲ ಬಾಯಿ. ಅದೇ ಕಟ್ಟಿ ಮ್ಯಾಲ ಹೇಳ್ರಿ."

ಹೇಳಿದೆ. ಅದಕ್ಕೂ ಮೊದಲು ಗಂಡನಿಗೆ ಹೇಳಬೇಕಾಯಿತು. ಅವರು ಅಂಗಿ ಹಾಕಿಕೊಂಡು ಮಾಸ್ತರರ ಮನೆಗೆ ಹೋಗಿ ಅರ್ಧ ತಾಸು ಕುಳಿತು ಬಂದರು. ನನ್ನ ಜೊತೆ ಎರಡು ದಿನ ಬೇಕಾದಷ್ಟೇ ಮಾತಾಡಿದರು.

ಕಟ್ಟೆಯ ಹತ್ತಿರ ಮತ್ತೆ ಎಲ್ಲರೂ ನೆರೆದ ದಿನ ನಾನು ನಿಂತೇ ಹೇಳಿದೆ. ಮಾಸ್ತರರಿಗೆ ನಾನು ಏನೂ ಹೇಳಿರಲಿಲ್ಲ, ಅವ್ವಾರಿಗೆ ಸುಳ್ಳು ಹೇಳಿದೆ, ಕೆಮ್ಮು ಪಾರಿವಾಳದಿಂದ ಬಂದದ್ದಲ್ಲ. ಮೂರೇ ವಾಕ್ಯ. ಮನೆಯಲ್ಲಿ ಇನ್ನೂ ಏನೇನೋ ಸಿದ್ಧ ಮಾಡಿಕೊಂಡಿದ್ದೆ, ಅದನ್ನೆಲ್ಲ ಬಿಟ್ಟುಬಿಟ್ಟೆ. ಗೌಡಸಾನಿ, ಹಾಗಾದರೆ ಪಕ್ಷಿಗಳು ತಿರುಗಿ ಬರಲಿ, ಯಾರದಾದರೂ ತಕರಾರು ಇದೆಯೇನು ಎಂದು ಕೇಳಿದರು.

ಇದೆ ಎಂದವರು ಮೂಲೆಮನೆಯವರು. ಕೆಮ್ಮಿನ ವಿಷಯ ಏನೇ ಇರಲಿ, ಈಗ ಟಾಕಿಯ ನೀರು ಸ್ವಚ್ಛವಾಗಿದೆ, ಮಾಳಿಗೆ ಸ್ವಚ್ಛವಾಗಿದೆ, ಹೋದದ್ದು ಹೋಯಿತು, ಮತ್ತೆ ಯಾಕೆ ತರುವುದು ಎಂದರು. ಅವರ ಹಿಂದೆ ಇನ್ನಿಬ್ಬರು ತಲೆಯಾಡಿಸಿದರು. ನಾನು ವಾದಿಸಿದೆ, ನನ್ನ ಗಂಡ ವಾದಿಸಿದರು. ಅಷ್ಟು ವರ್ಷ ಬಾಯಿ ಬಿಡದಿದ್ದವರಿಗೆ ದೂರುವ ದಾರಿ ತೋರಿಸಿದ್ದೇ ನಾನು. ಈಗ ಆ ದಾರಿ ಮುಚ್ಚಿ ಎಂದರೆ ಯಾರು ಕೇಳುತ್ತಾರೆ? ಕೊನೆಗೆ ಮಾಸ್ತರರೇ ಕೈ ಎತ್ತಿ, ಬೇಡ, ನಾಲ್ಕು ಜನಕ್ಕೆ ಬೇಡವಾದದ್ದನ್ನು ನಾನು ತರುವುದಿಲ್ಲ, ಕಮಲಾಪುರದಲ್ಲಿ ಅವು ಮರಿ ಮಾಡಿವೆ, ಆ ಮರಿಗಳಿಗೆ ಅದೇ ಊರು, ಅವನ್ನು ಬಿಟ್ಟು ದೊಡ್ಡವೂ ಇನ್ನು ಬರಲಾರವು ಎಂದರು. ಅಲ್ಲಿಗೆ ಮುಗಿಯಿತು. ನಾನು ಸತ್ಯ ಹೇಳಿದ್ದರಿಂದ ಮಾಸ್ತರರ ಹೆಸರು ಸ್ವಚ್ಛವಾಯಿತು. ಮಾಳಿಗೆ ಮಾತ್ರ ಖಾಲಿಯೇ ಉಳಿಯಿತು.

ಭಾಬಿ ಕೋಟನೂರದಿಂದ ಬಂದದ್ದು ಅದಾದ ಒಂದು ವಾರಕ್ಕೆ. ನಾನು ಕಾಲೇಜಿನಿಂದ ಬಂದವಳು ಸೀರೆ ಬದಲಾಯಿಸದೆ ನೇರ ಅವರ ಮನೆಗೆ ಹೋದೆ. ಬಾಗಿಲು ಬಡಿದೆ. ಅವರು ತೆರೆದರು, ಒಳಗೆ ಬನ್ನಿ ಎನ್ನಲಿಲ್ಲ. ತಪ್ಪಾಯಿತು ಭಾಬಿ ಎಂದೆ. ಅವರು ಬಾಗಿಲ ಚೌಕಟ್ಟಿಗೆ ಕೈ ಇಟ್ಟು ನಿಂತೇ ಮಾತಾಡಿದರು.

"ಸುಳ್ಳು ಹೇಳಿದ್ದು ನನಗ ಅಷ್ಟು ಹತ್ತಿಲ್ಲ ವೈನಿ. ಗಂಡಗ ಜಡ್ಡು ಆದ್ರ ಯಾರ ತಲಿ ನೆಟ್ಟಗಿರ್ತದ? ಆದ್ರ ನೀವು ಈ ಪಾವಟಿಗಿ ಹತ್ತಿ ಬಂದಿದ್ರ ಆಗ್ತಿತ್ತಲ್ಲ ಅಂತ ಅನಸ್ತದ. ಮೂವತ್ತು ವರ್ಷ ಆತು, ನೀವು ಇವತ್ತ ಮೊದಲ ಸಲ ಹತ್ತೀರಿ."

ನಾನು ಕಾಲ ಕೆಳಗೆ ನೋಡಿದೆ. ನಿಜವೇ. ಅವರು ನಮ್ಮ ಮನೆಗೆ ಬಂದು ಬಾಗಿಲಲ್ಲಿ ನಿಂತು ಕೊಟ್ಟು ಹೋಗುತ್ತಿದ್ದರು. ನಾನು ಬದಲಿಗೆ ದೀಪಾವಳಿಯ ಕರಜಿಕಾಯಿ ಕೊಡುವಾಗಲೂ ನಡುಗೋಡೆಯ ಮೇಲಿಂದ ಕೈಚಾಚಿ ಕೊಡುತ್ತಿದ್ದೆ. ಅತ್ತೆಯ ಕಾಲದ ರೂಢಿ ಎಂದುಕೊಂಡಿದ್ದೆ. ಅತ್ತೆ ಹೋಗಿ ಹನ್ನೆರಡು ವರ್ಷಗಳಾಗಿದ್ದವು. ಕಮಲಾಪುರದ ಬಸ್ಸು ಹತ್ತಿದ್ದು ಭಾಬಿಯ ಮನಸ್ಸು ನೋಯಬಾರದು ಎಂದಲ್ಲ. ಈ ಬಾಗಿಲು ಬಡಿಯುವುದು ನನಗೆ ರೂಢಿಯೇ ಇರಲಿಲ್ಲ.

ಅವರು ಕೊನೆಗೆ ಒಳಗೆ ಕರೆದರು. ಕುಳಿತೆ. ಗೋಡೆಗೆ ಮಾಸ್ತರರ ಸರ್ವಿಸಿನ ಫೋಟೋಗಳು, ಮೂಲೆಯಲ್ಲಿ ಹೊಲಿಗೆಯ ಮಿಷನ್ನು. ಅವರು ತಟ್ಟೆಯಲ್ಲಿ ಎರಡು ಬಾಳೆಹಣ್ಣು ಇಟ್ಟುಕೊಂಡು ಬಂದರು. ಚಹಾ ಮಾಡಿ ಭಾಬಿ, ಕುಡಿದು ಹೋಗುತ್ತೇನೆ ಎಂದೆ. ಅವರು ನನ್ನನ್ನು ನೋಡಿ, ಇವತ್ತು ಬೇಡ, ಇನ್ನೊಮ್ಮೆ ಎಂದರು. ಹಾಲು ಇರಲಿಲ್ಲವೋ, ಮನಸ್ಸಿರಲಿಲ್ಲವೋ, ಕೇಳುವ ಅಧಿಕಾರ ನನಗಿರಲಿಲ್ಲ. ಬಾಳೆಹಣ್ಣು ಅಲ್ಲೇ ಸುಲಿದು ತಿಂದೆ. ಈಗ ವಾರಕ್ಕೊಮ್ಮೆಯಾದರೂ ಹೋಗುತ್ತೇನೆ. ಅವರು ನಗುತ್ತಾರೆ, ಮಗಳ ಸುದ್ದಿ ಹೇಳುತ್ತಾರೆ, ಚಹಾ ಮಾತ್ರ ಇನ್ನೂ ಕೊಟ್ಟಿಲ್ಲ. ನಾನೂ ಮತ್ತೆ ಕೇಳಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಬಚ್ಚಲಮನೆಯ ಪೈಪು ಗೋಡೆಯೊಳಗೆ ಎಲ್ಲೋ ಒಡೆದಿತ್ತು. ನಮಗೆ ಗೊತ್ತಾಗಿರಲಿಲ್ಲ. ನೀರು ಇಂಗಿ ಮಾಸ್ತರರ ಮನೆಯ ಕಡೆಗೆ ಹೋಗಿ, ಅವರ ಒಳಗೋಡೆಯ ಸುಣ್ಣ ಉಬ್ಬಿ ಉದುರುತ್ತಿತ್ತು. ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಹೊತ್ತಿಗೆ ಮಾಸ್ತರರು ನಮ್ಮ ಬಾಗಿಲಿಗೆ ಬಂದರು. ಚಪ್ಪಲಿ ಬಿಡದೆ ಹೊಸ್ತಿಲ ಹೊರಗೇ ನಿಂತು, ಬಾಯಾರ, ನಮ್ಮ ಗೋಡೆ ಹಸಿ ಆಗಿದೆ, ನಿಮ್ಮ ಪೈಪು ಒಮ್ಮೆ ನೋಡಿಸಿ ಎಂದರು. ಅಷ್ಟು ಹೇಳಿ, ಒಳಗೆ ಕರೆದರೂ ಬಾರದೆ, ತರಕಾರಿಗೆ ಹೋಗಬೇಕು ಎಂದು ಚೀಲ ತೋರಿಸಿ ಹೊರಟರು.

ಆ ದಿನ ರಜೆ ಹಾಕಿ ಪ್ಲಂಬರನನ್ನು ಕರೆಸಿದೆ. ಸಂಜೆಯೊಳಗೆ ಪೈಪು ಸರಿಯಾಯಿತು. ವಾರದಲ್ಲಿ ಗೋಡೆ ಒಣಗಿತು, ಗೌಂಡಿ ಬಂದು ಅವರ ಕಡೆಯ ಗಿಲಾವು ಹಚ್ಚಿಕೊಟ್ಟು ಹೋದ. ಗೌಡಸಾನಿಗೆ ಈ ವಿಷಯ ಗೊತ್ತೇ ಆಗಲಿಲ್ಲ. ಗೊತ್ತಾಗಬೇಕಾದ್ದೂ ಇರಲಿಲ್ಲ. ಒಂದು ಮಾತು ಹೇಳುವುದಕ್ಕೆ ಮಾಸ್ತರರಿಗೆ ಹಿಡಿದದ್ದು ಚೀಲ ಈ ಕೈಯಿಂದ ಆ ಕೈಗೆ ಬದಲಾಯಿಸುವಷ್ಟು ಹೊತ್ತು.